ಟೋಕನ್ ಟೈಮ್‌ಔಟ್ ಎಷ್ಟಿಡಬೇಕು? ಸ್ನ್ಯಾಪ್‌ಶಾಟ್ ವೇಳೆ ನೋಡ್ ಫೆನ್ಸ್ ಆಗುತ್ತಿದೆ

ಪ್ರಶ್ನೆ:
ಮೂರು ನೋಡ್‌ಗಳ ಪೇಸ್‌ಮೇಕರ್ (ಒಂದು ನೋಡ್ ಬಿದ್ದರೆ ಸರ್ವಿಸ್ ಅನ್ನು ಇನ್ನೊಂದರಲ್ಲಿ ಏಳಿಸುವ ಸಾಫ್ಟ್‌ವೇರ್) ಕ್ಲಸ್ಟರ್, ಮೂರೂ ವರ್ಚುವಲ್ ಮೆಷೀನ್. ನೋಡ್‌ಗಳ ನಡುವಿನ ಸಂಪರ್ಕಕ್ಕೆ ಕೊರೊಸಿಂಕ್ 2, ಫೆನ್ಸಿಂಗ್ (ಕೆಟ್ಟ ನೋಡ್ ಅನ್ನು ಬಲವಂತವಾಗಿ ರೀಬೂಟ್ ಮಾಡುವುದು) ಎಸ್‌ಬಿಡಿ ಮೂಲಕ, ಅಂದರೆ ಎಲ್ಲ ನೋಡ್‌ಗಳೂ ಹಂಚಿಕೊಂಡ ಡಿಸ್ಕ್‌ನಲ್ಲಿ ಸಂದೇಶ ಬರೆದು. ಕಾನ್ಫಿಗ್‌ನಲ್ಲಿ ಟೋಕನ್ (ನೋಡ್‌ಗಳ ನಡುವೆ ಸುತ್ತುವ ಸಂದೇಶಕ್ಕೆ ಎಷ್ಟು ಹೊತ್ತು ಕಾಯಬೇಕು ಎಂಬ) ಸಾಲೇ ಇಲ್ಲ. ಸ್ನ್ಯಾಪ್‌ಶಾಟ್ ತೆಗೆಯುವಾಗ ಒಂದು ನೋಡ್ 3–4 ಸೆಕೆಂಡ್ ನಿಂತುಬಿಡುತ್ತೆ, ಉಳಿದೆರಡು ಅದನ್ನು ಫೆನ್ಸ್ ಮಾಡುತ್ತವೆ. ಟೋಕನ್ 60 ಸೆಕೆಂಡ್ ಮಾಡಿದರೆ ಸಾಕಾ? ವೆಂಡರ್ ಸಪೋರ್ಟ್‌ಗೆ ತೊಂದರೆ ಆಗಬಾರದು.

ಉತ್ತರ 1:
ಕೊರೊಸಿಂಕ್ 2ರಲ್ಲಿ ಡಿಫಾಲ್ಟ್ 1000 ಮಿಲಿಸೆಕೆಂಡ್ (3.1ರಿಂದ 3000). ನೋಡ್‌ಲಿಸ್ಟ್‌ನಲ್ಲಿ ಎರಡಕ್ಕಿಂತ ಹೆಚ್ಚಿರುವ ಪ್ರತಿ ನೋಡ್‌ಗೆ 650 ಸೇರುತ್ತೆ, ಹಾಗಾಗಿ ನಿಮ್ಮಲ್ಲಿ ನಿಜವಾಗಿ ಓಡುತ್ತಿರುವುದು 1650. ಮೂರು ಸೆಕೆಂಡ್ ನಿಂತ ನೋಡ್ ಅದರಲ್ಲಿ ಉಳಿಯುವುದಿಲ್ಲ.

60 ಸೆಕೆಂಡ್ ಬೇಡ. ಟೋಕನ್ ಕಳೆದ ಮೇಲೆ ಕನ್ಸೆನ್ಸಸ್ (ಯಾವ ನೋಡ್‌ಗಳು ಉಳಿದಿವೆ ಎಂದು ಒಮ್ಮತಕ್ಕೆ ಬರುವ) ಸಮಯ ಕಾಯಬೇಕು, ಅದು ಡಿಫಾಲ್ಟ್ ಆಗಿ ಟೋಕನ್‌ನ 1.2 ಪಟ್ಟು. 60650ಕ್ಕೆ 72780 ಕೂಡಿಸಿ: ನೋಡ್ ನಿಜವಾಗಿ ಸತ್ತರೆ ಫೆನ್ಸಿಂಗ್ ಶುರುವಾಗಲಿಕ್ಕೇ 133 ಸೆಕೆಂಡ್. ಅಷ್ಟು ಹೊತ್ತು ಸರ್ವಿಸ್ ಬಿದ್ದೇ ಇರುತ್ತೆ. 10000 ಇಟ್ಟರೆ 10650 + 12780, ಸುಮಾರು 23 ಸೆಕೆಂಡ್. 3–4 ಸೆಕೆಂಡ್ ನಿಲುಗಡೆಗೆ ಇದು ಧಾರಾಳ.

ಉತ್ತರ 2:
ಏರಿಸುವ ಮುಂಚೆ ಕಾರಣ ಖಚಿತ ಮಾಡಿಕೊಳ್ಳಿ. ಫೆನ್ಸ್ ಆದ ನೋಡ್‌ನ ಲಾಗ್‌ನಲ್ಲಿ, ಕೊರೊಸಿಂಕ್ ಪ್ರೊಸೆಸ್‌ಗೇ ಇಷ್ಟು ಮಿಲಿಸೆಕೆಂಡ್ ಸಿಪಿಯು ಸಿಗಲಿಲ್ಲ ಎಂಬ ಎಚ್ಚರಿಕೆ ಇದೆಯಾ? ಅದರ ಮಿತಿ ಟೋಕನ್‌ನ ಶೇ. 80, ಅಂದರೆ ನಿಮಗೆ 1320. ಆ ಸಾಲು ಇದ್ದರೆ ಮೆಷೀನೇ ನಿಂತಿದೆ. ಇಲ್ಲದೇ, ಉಳಿದವರು ಮಾತ್ರ ಟೋಕನ್ ಬಂದಿಲ್ಲ ಎನ್ನುತ್ತಿದ್ದರೆ ನೆಟ್‌ವರ್ಕ್ ನೋಡಿ. ಆದರೆ ಲಾಗ್ ಡಿಸ್ಕ್‌ಗೆ ಬೀಳುವ ಮುಂಚೆಯೇ ರೀಬೂಟ್ ಆಗಿರಬಹುದು, ರಿಮೋಟ್ ಸಿಸ್‌ಲಾಗ್ (ಲಾಗ್ ಅನ್ನು ಬೇರೆ ಮೆಷೀನ್‌ಗೆ ಕಳಿಸುವ ವ್ಯವಸ್ಥೆ) ಇಲ್ಲದಿದ್ದರೆ ಏನೂ ಸಿಗದು.

ಸ್ನ್ಯಾಪ್‌ಶಾಟ್‌ನಲ್ಲಿ ಮೆಮೊರಿಯನ್ನೂ ಸೇರಿಸುತ್ತಿದ್ದರೆ ಮೊದಲು ಅದನ್ನು ತೆಗೆಯಿರಿ. ಮೂರೂ ನೋಡ್‌ಗೆ ಒಂದೇ ಸಮಯಕ್ಕೆ ಬ್ಯಾಕಪ್ ಇಡುವುದಂತೂ ಬೇಡವೇ ಬೇಡ.

ಪ್ರಶ್ನೆ ಕೇಳಿದವರು:
ಎಚ್ಚರಿಕೆ ಇದೆ, 3400 ಚಿಲ್ಲರೆ ತೋರಿಸುತ್ತೆ. ಮೈಕ್ರೋಸಾಫ್ಟ್‌ನ ಅಜೂರ್ ಕ್ಲೌಡ್ ಗೈಡ್‌ನಲ್ಲಿ ಟೋಕನ್ 30000, ಕನ್ಸೆನ್ಸಸ್ 36000 ಅಂತಿದೆಯಲ್ಲ, ಅದನ್ನೇ ಹಾಕಬಹುದಾ?

ಉತ್ತರ 3:
ಅದು ಆ ಪ್ಲಾಟ್‌ಫಾರ್ಮ್‌ಗೆ ಹೇಳಿದ್ದು. ಅಲ್ಲಿ ಹೋಸ್ಟ್ ಮೇಂಟೆನೆನ್ಸ್ ವೇಳೆ ಮೆಷೀನ್ 30 ಸೆಕೆಂಡ್‌ವರೆಗೆ ನಿಲ್ಲಬಹುದು. ಗೂಗಲ್ ಕ್ಲೌಡ್‌ನಲ್ಲಿ ಹೇಳುವುದು 20000 ಮತ್ತು 24000. ಸಪೋರ್ಟ್ ಬೇಕಿದ್ದರೆ ನಿಮ್ಮ ಓಎಸ್ ರಿಲೀಸ್ ಮತ್ತು ಹೈಪರ್‌ವೈಸರ್ ಎರಡಕ್ಕೂ ವೆಂಡರ್ ಬರೆದಿರುವ ಮಿತಿಯೊಳಗೆ ಇರಿ. ಬೇರೆಯವರ ಕಾನ್ಫಿಗ್‌ನಿಂದ ಎತ್ತಿದ ಸಂಖ್ಯೆಗೆ ಅಲ್ಲಿ ಬೆಲೆಯಿಲ್ಲ.

ಇನ್ನೊಂದು: 30000/36000 ಎರಡು ನೋಡ್‌ಗೆ ಸರಿಹೊಂದುವ ಲೆಕ್ಕ. ಮೂರು ನೋಡ್‌ಗೆ ಟೋಕನ್ 30650 ಆಗುತ್ತೆ, ಕನ್ಸೆನ್ಸಸ್ 36780 ಬೇಕು. ಕನ್ಸೆನ್ಸಸ್ ಸಾಲನ್ನೇ ಬರೆಯದೆ ಬಿಟ್ಟರೆ ತಾನೇ ಲೆಕ್ಕ ಹಾಕಿಕೊಳ್ಳುತ್ತೆ. ಹಳೆಯ ಸಾಲು ಹಾಗೇ ಉಳಿದು ಟೋಕನ್‌ಗಿಂತ ಕಡಿಮೆಯಾದರೆ, ಮೂರು ನೋಡ್‌ಗಳಲ್ಲಿ ಸದಸ್ಯತ್ವ ಸುಮ್ಮಸುಮ್ಮನೆ ಬದಲಾಗತೊಡಗುತ್ತೆ.

ಮೂರೂ ನೋಡ್‌ಗಳಲ್ಲಿ ಫೈಲ್ ಒಂದೇ ಥರ ಬದಲಿಸಿ, ಒಂದು ನೋಡ್‌ನಿಂದ ಕೊರೊಸಿಂಕ್ ರೀಲೋಡ್ ಕೊಡಿ. ರೀಸ್ಟಾರ್ಟ್ ಬೇಡ. ಆಮೇಲೆ ಸಿಮ್ಯಾಪ್‌ನಲ್ಲಿ (ಕೊರೊಸಿಂಕ್‌ನ ಮೌಲ್ಯಗಳ ಪಟ್ಟಿ) ರನ್‌ಟೈಮ್ ಟೋಕನ್ ನೋಡಿ, ಉತ್ತರ 1ರ 10000 ಹಾಕಿದ್ದರೆ 10650 ಕಾಣಬೇಕು. 10000 ಕಂಡರೆ ಅದು ಫೈಲ್‌ನಲ್ಲಿ ಬರೆದ ಸಂಖ್ಯೆ, ಓಡುತ್ತಿರುವುದಲ್ಲ.

ಉತ್ತರ 1 ಬರೆದವರು:
ಎಸ್‌ಬಿಡಿ ಮರೆಯಬೇಡಿ. ಎಂಎಸ್‌ಜಿವೇಟ್ (ಡಿಸ್ಕ್‌ಗೆ ಬರೆದ ಫೆನ್ಸ್ ಸಂದೇಶ ತಲುಪಿತೆಂದು ಪರಿಗಣಿಸುವ ಮುಂಚೆ ಕಾಯುವ ಸಮಯ) ಕನಿಷ್ಠ ವಾಚ್‌ಡಾಗ್‌ನ (ಡಿಸ್ಕ್ ಸಿಗದಿದ್ದರೆ ನೋಡ್ ತಾನೇ ರೀಬೂಟ್ ಆಗುವ ಮಿತಿ) ಎರಡು ಪಟ್ಟು, ಸ್ಟೋನಿತ್ ಟೈಮ್‌ಔಟ್ (ಫೆನ್ಸಿಂಗ್ ಮುಗಿಯಲು ಪೇಸ್‌ಮೇಕರ್ ಕಾಯುವ ಸಮಯ) ಎಂಎಸ್‌ಜಿವೇಟ್‌ನ 1.2 ಪಟ್ಟಿಗಿಂತ ಕಡಿಮೆ ಬೇಡ. ವಾಚ್‌ಡಾಗ್ 15, ಎಂಎಸ್‌ಜಿವೇಟ್ 30 ಸೆಕೆಂಡ್ ಇಟ್ಟರೆ ಸ್ಟೋನಿತ್ 36ರಿಂದ ಮೇಲೆ. ಕಡಿಮೆ ಇದ್ದರೆ ಎಸ್‌ಬಿಡಿ ಕೆಲಸ ಮುಗಿಸುವ ಮುಂಚೆಯೇ ಪೇಸ್‌ಮೇಕರ್ ಫೆನ್ಸಿಂಗ್ ವಿಫಲ ಎಂದು ತೀರ್ಮಾನಿಸಿ ಮತ್ತೆ ಮತ್ತೆ ಪ್ರಯತ್ನಿಸುತ್ತೆ, ರಿಸೋರ್ಸ್ ಎಲ್ಲೂ ಏಳುವುದಿಲ್ಲ. ಡಿಸ್ಕ್ ಮಲ್ಟಿಪಾತ್ (ಒಂದೇ ಡಿಸ್ಕ್‌ಗೆ ಹಲವು ಸಂಪರ್ಕ ಮಾರ್ಗ) ಮೇಲಿದ್ದರೆ ಪಾತ್ ಬದಲಾಗಲು ಬೇಕಾದ ಸಮಯಕ್ಕಿಂತ ವಾಚ್‌ಡಾಗ್ ದೊಡ್ಡದಿರಲಿ. ವಾಚ್‌ಡಾಗ್, ಎಂಎಸ್‌ಜಿವೇಟ್ ಎರಡೂ ಡಿಸ್ಕ್ ಹೆಡರ್‌ನಲ್ಲೇ ಇರುವುದರಿಂದ, ಬದಲಿಸಲು ಎಲ್ಲ ನೋಡ್‌ಗಳಲ್ಲೂ ಕ್ಲಸ್ಟರ್ ನಿಲ್ಲಿಸಿ ಹೆಡರ್ ಹೊಸದಾಗಿ ಬರೆಯಬೇಕು. ಟೋಕನ್ ಈಗಲೇ ಬದಲಿಸಿ, ಇದಕ್ಕೆ ಮೇಂಟೆನೆನ್ಸ್ ಸಮಯ ಕೇಳಿ ಇಟ್ಟುಕೊಳ್ಳಿ.