‘ಸವರು’, ‘ಮಾಯು’: ಚಂಡಮಾರುತಕ್ಕೆ ಮುರಿದ ಮರಗಳಿಗೆ ಯಾವ ಮಾತು?

ಹರಿಕೇನ್ ಬೀಸಿಹೋದ ಮೇಲೆ ಉದ್ಯಾನಗಳ ಮರಗಳನ್ನು ಉಳಿಸಿಕೊಳ್ಳುವ ಬಗೆ ಹೇಳುವ ಕೈಪಿಡಿಯೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ಗಾಳಿಯ ಹೆಸರಿಗೆ ತಲೆ ಕೆಡಿಸಿಕೊಳ್ಳಲಿಲ್ಲ. ಅಟ್ಲಾಂಟಿಕ್‌ನ ಹರಿಕೇನ್, ಪೆಸಿಫಿಕ್‌ನ ಪಶ್ಚಿಮದ ಟೈಫೂನ್, ಹಿಂದೂ ಮಹಾಸಾಗರದ ಸೈಕ್ಲೋನ್ ಮೂರನ್ನೂ ಪತ್ರಿಕೆಗಳು ಚಂಡಮಾರುತ ಎನ್ನುತ್ತವೆ. ನಾನೂ ಹಾಗೆಯೇ ಬರೆದೆ. ತೊಡಕಿರುವುದು ಗಾಳಿ ನಿಂತ ಮೇಲಿನ ಕೆಲಸದಲ್ಲಿ.

ಮೊದಲು ‘ಪ್ರೂನಿಂಗ್’, ಅಂದರೆ ಕೊಂಬೆ ರೆಂಬೆಗಳನ್ನು ಅಳತೆಯರಿತು ಕತ್ತರಿಸುವ ಕೆಲಸ. ದ್ರಾಕ್ಷಿ ಬೆಳೆಗಾರರ ‘ಚಾಟನಿ’ ಬಳ್ಳಿಗೆ ಒಗ್ಗಿದ ಮಾತು, ಮರಕ್ಕೆ ಹೊಂದದು. ಉಳಿದದ್ದು ‘ಸವರುವುದು’. ಆದರೆ ಸವರು ಎಂದರೆ ನೇವರಿಸು ಎಂದೂ ಆಗುತ್ತದೆ, ಕಡಿದುಹಾಕು ಎಂದೂ ಆಗುತ್ತದೆ. ‘ತಲೆ ಸವರಿದ’ ಎಂದರೆ ಮಗುವಿನದೋ, ವೈರಿಯದೋ? ಕೈಪಿಡಿ ಹೇಳುವ ಕೆಲಸ ಇವೆರಡರ ನಡುವಿನದು. ಮುರಿದ ಕೊಂಬೆಯನ್ನು ಕಾಂಡಕ್ಕೆ ಒತ್ತಿ ನುಣ್ಣಗೆ ಕೊಯ್ಯಬಾರದು, ಉದ್ದದ ಮೋಟನ್ನೂ ಬಿಡಬಾರದು. ಕೊಂಬೆಯ ಬುಡದಲ್ಲಿ ಕಾಣುವ ಉಬ್ಬಿನ ಹೊರಗೆ ಗರಗಸ ಇಡಬೇಕು. ಮುರಿದ ತುದಿಯಲ್ಲಿ ಚಿಗುರು ಗೊಂಚಲಾಗಿ ಹೊರಟರೆ ಕೆಲವನ್ನು ತೆಗೆದು, ಕೆಲವನ್ನು ಗಿಡ್ಡ ಮಾಡಿ, ಗಟ್ಟಿಯಾದ ಒಂದೆರಡನ್ನು ಕೊಂಬೆಯಾಗಲು ಬಿಡಬೇಕು. ಒಂದೇ ಸಲಕ್ಕೆ ಮುಗಿಯುವುದಲ್ಲ, ಹಲವು ವರ್ಷ ಬೇಕು. ‘ಮರ ಸವರಿದರು’ ಎಂದು ಬರೆದರೆ ಓದುಗರ ಕಣ್ಣಿಗೆ ಕಟ್ಟುವುದು ವಿದ್ಯುತ್ ತಂತಿಯ ಕೆಳಗಿನ ಬೋಳು ಮರ. ‘ತಿದ್ದುಗತ್ತರಿ’ ಎಂದು ಹೊಸೆದು ನೋಡಿದೆ. ಕ್ಷೌರದ ನೆನಪಾಗಿ ಬಿಟ್ಟೆ.

ಇನ್ನು ‘ಮಾಯು’. ‘ಗಾಯ ಬೇಗ ಮಾಯುತ್ತದೆ’ ಎಂದು ಸಲೀಸಾಗಿ ಬರೆದಿದ್ದೆ. ಮರದ ಗಾಯ ಮಾಯುವುದೇ ಇಲ್ಲ! ಅಮೆರಿಕದ ಅರಣ್ಯ ಸೇವೆಯಲ್ಲಿದ್ದ ಅಲೆಕ್ಸ್ ಶೈಗೊ ಮರಗಳನ್ನು ಉದ್ದುದ್ದ ಸೀಳಿ ನೋಡಿ 1970ರ ದಶಕದಲ್ಲಿ ವಿವರಿಸಿದ್ದು ಇದನ್ನೇ. ಕೆಟ್ಟ ಭಾಗವನ್ನು ಮರ ಸರಿಪಡಿಸುವುದಿಲ್ಲ. ಸುತ್ತಲೂ ತಡೆಗೋಡೆ ಕಟ್ಟಿ, ಮೇಲೆ ಹೊಸ ಕಟ್ಟಿಗೆಯ ಪದರ ಬೆಳೆಸಿ ಮುಚ್ಚುತ್ತದೆ. ಹಳೆಯ ಗಾಯ ಒಳಗೆ ಹಾಗೆಯೇ ಇರುತ್ತದೆ. ‘ಕೂಡಿಕೊಂಡಿತು’ ಎಂದರೆ ಮೂಳೆಯ ಮಾತಾಯಿತು. ‘ಮುಚ್ಚಿಕೊಂಡಿತು’ ಎಂದು ಸದ್ಯಕ್ಕೆ ಇಟ್ಟಿದ್ದೇನೆ, ಸಪ್ಪೆಯಾಗಿದೆ. ‘ಮರ ಗಾಯವನ್ನು ಹುದುಗಿಸಿಕೊಂಡಿತು’ ಎಂದರೆ ಹೇಗೆ?

ಒಟ್ಟು ಕೆಲಸದ ಹೆಸರೂ ಕೂತಿಲ್ಲ. ‘ಜೀರ್ಣೋದ್ಧಾರ’ ಗುಡಿಗೆ ಸರಿ. ‘ಪುನಶ್ಚೇತನ’ದಲ್ಲಿ ಕರ್ತೃ ನಾವು, ‘ಚೇತರಿಕೆ’ಯಲ್ಲಿ ಮರ. ಲಂಡನ್ನಿನ ಕ್ಯೂ ಉದ್ಯಾನದಲ್ಲಿ 1987ರ ಅಕ್ಟೋಬರ್ ಬಿರುಗಾಳಿ (ಲೆಕ್ಕಕ್ಕೆ ಅದು ಹರಿಕೇನ್ ಅಲ್ಲ) ಟರ್ನರ್ ಓಕ್ ಎಂಬ ಹಳೆಯ ಮರವನ್ನು ಬೇರುಸಮೇತ ಎತ್ತಿ ಅಲ್ಲೇ ಕೂರಿಸಿತು. ಊರುಗೋಲಿನ ಆಸರೆ ಕೊಟ್ಟು ಹಾಗೇ ಬಿಟ್ಟರು. ಕೆಲವು ವರ್ಷಗಳಲ್ಲಿ ಅದು ಮೊದಲಿಗಿಂತ ಸೊಂಪಾಯಿತು: ತುಳಿದು ತುಳಿದು ಗಟ್ಟಿಯಾಗಿದ್ದ ಬುಡದ ಮಣ್ಣನ್ನು ಗಾಳಿಯೇ ಸಡಿಲಿಸಿತ್ತು. ಅಲ್ಲಿ ಪುನಶ್ಚೇತನ ಮಾಡಿದವರು ಯಾರು? ಹಾಗಾಗಿ ನನ್ನ ಒಲವು ‘ಚೇತರಿಕೆ’ಯ ಕಡೆಗೆ. ಆದರೆ ‘ಮರಗಳ ಚೇತರಿಕೆ ವಿಭಾಗ’ ಎಂದರೆ ಆಸ್ಪತ್ರೆಯ ಫಲಕದಂತೆ ಕೇಳುತ್ತದೆಯೇ? ತೋಟದ ಕೆಲಸ ಬಲ್ಲವರು ಬೇರೆ ಮಾತು ಬಳಸುವುದಿದ್ದರೆ ತಿಳಿಸಿ.