ಲಾಂಛನದಲ್ಲಿ ಯಾರ ಹೆಸರು?

ಮಂಡ್ಯದ ದೊಡ್ಡಪ್ಪ (ಫಾರ್ವರ್ಡ್ ಮಾಡಿದ್ದು): "ಚಂದ್ರನ ಮೇಲೆ ಮೊದಲು ಇಳಿದ ಅಪೊಲೊ 11ರ ಗಗನಯಾತ್ರಿಗಳು ತೊಟ್ಟ ಕಸೂತಿ ಲಾಂಛನದಲ್ಲಿ ಅವರ ಹೆಸರು ಹಾಕಲು ಬಿಡಲಿಲ್ಲ! ಭಾರತದ ನೌಕೆಯಲ್ಲಿ ಬಾಹ್ಯಾಕಾಶಕ್ಕೆ ಹೋಗಲಿರುವ ನಮ್ಮ ಗಗನಯಾನದ ವೀರರಿಗೆ ಹಾಗಾಗಬಾರದು. ಗಂಡಭೇರುಂಡದ ಸುತ್ತ ಅವರ ಹೆಸರು ಹೊಲಿಯಲಿ. ಕನ್ನಡಿಗರಾದರೆ ಹತ್ತು ಜನರಿಗೆ ಕಳುಹಿಸಿ."

ಮಂಡ್ಯದ ದೊಡ್ಡಪ್ಪ: ಎಲ್ಲರೂ ಓದಿ, ಮಕ್ಕಳಿಗೂ ಓದಿ ಹೇಳಿ. ದುಡಿದವರ ಹೆಸರನ್ನು ಮರೆತ ಮನೆಯೂ ಉದ್ಧಾರವಾಗುವುದಿಲ್ಲ, ದೇಶವೂ ಆಗುವುದಿಲ್ಲ.

ಕುವೆಂಪುನಗರದ ಭಾವ: ಬಿಡಲಿಲ್ಲ ಎಂದು ಯಾರು, ಎಲ್ಲಿ ಹೇಳಿದ್ದಾರೆ? ಮೂಲ ತಿಳಿಸದೆ ಏನನ್ನೂ ಕಳುಹಿಸಬೇಡಿ ಎಂದು ಯುಗಾದಿಯಿಂದ ಕೇಳಿಕೊಳ್ಳುತ್ತಿದ್ದೇನೆ.

ಮಂಡ್ಯದ ದೊಡ್ಡಪ್ಪ: ನಿಮಗೆ ಹಿರಿಯರ ಮಾತಿಗೂ ರಸೀದಿ ಬೇಕು.

ಸೋದರತ್ತೆ: ಹೆಸರಿನ ಮಾತನ್ನು ನೀವೇ ಎತ್ತಿದಿರಲ್ಲ, ಅಣ್ಣ. ಶ್ರೀರಂಗಪಟ್ಟಣದಲ್ಲಿ ಎಲ್ಲರೂ ಸೇರಿದಾಗ ಹಂಚಿದ ಬ್ಯಾಡ್ಜಿನಲ್ಲಿ ಹನ್ನೊಂದು ಹೆಸರಿದ್ದವು, ನನ್ನದಿರಲಿಲ್ಲ. ಪಟ್ಟಿ ಬರೆದುಕೊಟ್ಟವರು ನೀವು.

ಚಿಕ್ಕಪ್ಪನ ಮಗ: ಕಸೂತಿ ಎಂದ ಕೂಡಲೇ ಅಜ್ಜಿಯ ಫ್ರೇಮು ನೆನಪಾಯಿತು. ದಿಂಬಿನ ಚೀಲಕ್ಕೆ ಗಿಳಿ ತುಂಬುವಾಗ ಸೂಜಿಗೆ ದಾರ ಪೋಣಿಸುವ ಕೆಲಸ ನನ್ನದು. ಆ ಗಿಳಿಯ ಕೊಕ್ಕಿನ ಕೆಂಪು ಇನ್ನೂ ಮಾಸಿಲ್ಲ.

ನಾನು: ದಿನವೂ ಕಸೂತಿ ಯಂತ್ರದ ಮುಂದೆ ಕೂರುವವಳಾದ್ದರಿಂದ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ. ಹೆಸರು ಹಾಕಲು ಯಾರೂ ಅಡ್ಡಿ ಮಾಡಲಿಲ್ಲ, ದೊಡ್ಡಪ್ಪ. ಚಂದ್ರನವರೆಗಿನ ದಾರಿಗೆ ಸಾವಿರಾರು ಜನ ದುಡಿದಿದ್ದಾರೆ, ಅವರೆಲ್ಲರಿಗೂ ಈ ಲಾಂಛನ ತಮ್ಮದೆನಿಸಬೇಕು ಎಂದು ಆ ಮೂವರು ಗಗನಯಾತ್ರಿಗಳೇ ತಮ್ಮ ಹೆಸರು ಬೇಡವೆಂದರು. ಚಿತ್ರವನ್ನು ರೂಪಿಸಿದವರು ಮುಖ್ಯವಾಗಿ ಅವರಲ್ಲೊಬ್ಬರಾದ ಮೈಕೆಲ್ ಕಾಲಿನ್ಸ್. ಅದರಲ್ಲಿ ಚಂದ್ರನ ಮೇಲೆ ಇಳಿಯುವ ಹದ್ದಿನ ಚಾಚಿದ ಉಗುರುಗಳು ಯುದ್ಧಕ್ಕೆ ಬಂದಂತೆ ಕಾಣುತ್ತವೆ ಎಂಬ ಆಕ್ಷೇಪ ಬಂದಾಗ, ಕೊಕ್ಕಿನಲ್ಲಿದ್ದ, ಶಾಂತಿಯ ಗುರುತಾದ ಆಲಿವ್ ಕೊಂಬೆಯನ್ನು ಉಗುರುಗಳಿಗೆ ಸರಿಸಿದರು. ಉಗುರಿನಲ್ಲಿ ಆನೆಯನ್ನೇ ಹಿಡಿದ ನಮ್ಮ ಗಂಡಭೇರುಂಡವನ್ನು ಹೊಲಿಯುವವರೂ ಇದನ್ನು ಯೋಚಿಸಬೇಕಾಗುತ್ತದೆ. 1970ರ ಅಪೊಲೊ 13ರ ಲಾಂಛನದಲ್ಲೂ ಹೆಸರಿರಲಿಲ್ಲ. ಹೊರಡಲು ಎರಡು ಮೂರು ದಿನವಿರುವಾಗ ತಂಡದ ಒಬ್ಬರು ಬದಲಾದರೂ ಲಾಂಛನ ಬದಲಾಗಬೇಕಾಗಲಿಲ್ಲ.

ಕುವೆಂಪುನಗರದ ಭಾವ: ತೊಟ್ಟಿದ್ದು ಕಸೂತಿಯೇ ಎಂಬುದಾದರೂ ನಿಜವೇ?

ನಾನು: ಚಂದ್ರನ ಮೇಲೆ ತೊಟ್ಟ ಉಡುಪಿನ ಮೇಲಿದ್ದದ್ದು ಕಸೂತಿಯಲ್ಲ. 1967ರಲ್ಲಿ ಅಪೊಲೊ 1ರ ಬೆಂಕಿಗೆ ಮೂವರು ಬಲಿಯಾದ ಮೇಲೆ, ಬೆಂಕಿ ಹತ್ತದ ಗಾಜಿನ ನೂಲಿನ ಬೀಟಾ ಬಟ್ಟೆಯ ಮೇಲೆ ಲಾಂಛನವನ್ನು ಅಚ್ಚು ಹಾಕಿದರು. ಕಸೂತಿಯದು ನೆಲದ ಮೇಲಿನ ಉಡುಪಿಗೆ.

ಮಂಡ್ಯದ ದೊಡ್ಡಪ್ಪ: ಅವರ ಕಥೆ ಅವರಿಗೆ. ನಮ್ಮವರ ಹೆಸರು ಹೊಲಿದರೆ ತಪ್ಪೇನು?

ನಾನು: 2024ರ ಫೆಬ್ರವರಿಯಲ್ಲಿ ಗಗನಯಾನಕ್ಕೆ ಆಯ್ಕೆಯಾದ ನಾಲ್ವರ ಹೆಸರು ಪ್ರಕಟವಾಯಿತು, ನೌಕೆಯನ್ನು ರೂಪಿಸಿರುವುದು ಮೂವರಿಗೆ. ನಾಲ್ಕರಲ್ಲಿ ಯಾವ ಹೆಸರನ್ನು ಬಿಡುತ್ತೀರಿ? ಇನ್ನು ದಾರದ ಮಾತು. ಅಂಗೈಯಗಲದ ಬಿಲ್ಲೆಯಲ್ಲಿ ಪಕ್ಷಿ ಕೂತ ಮೇಲೆ ಅಂಚಿನಲ್ಲಿ ಉಳಿಯುವುದು ಬೆರಳಿನಷ್ಟು ಜಾಗ. ಅಲ್ಲಿ ಆ ನಾಲ್ವರಲ್ಲೊಬ್ಬರ ಹೆಸರಿನ ಕೃಷ್ಣನ್ ಎಂಬುದನ್ನು ಕನ್ನಡದಲ್ಲಿ ಹೊಲಿದರೆ ಷಕಾರದ ಹೊಟ್ಟೆಯ ಗೆರೆ ಪಕ್ಕದ ಗೆರೆಗೆ ಅಂಟುತ್ತದೆ, ಕೆಳಗಿನ ಣಕಾರದ ಒತ್ತು ಗಂಟಾಗಿಬಿಡುತ್ತದೆ. ಕಾಗದದ ಮೇಲೆ ಪೆನ್ನು ಎಷ್ಟು ಸಣ್ಣ ಗೆರೆಯನ್ನಾದರೂ ಎಳೆಯುತ್ತದೆ. ದಾರಕ್ಕೆ ಅದರದೇ ದಪ್ಪವಿದೆ, ಅದು ಬಟ್ಟೆಯನ್ನು ಜಗ್ಗುತ್ತದೆ, ಅದಕ್ಕಿಂತ ಸಣ್ಣದನ್ನು ಅದು ಹೇಳಲಾರದು. ಗಂಡಭೇರುಂಡ ನನಗೂ ಇಷ್ಟ. ಎರಡು ಕತ್ತು, ಒಂದು ಮೈ, ರೆಕ್ಕೆಗೆ ನಾಲ್ಕೇ ಗರಿ ಇಟ್ಟರೆ ಮಾರು ದೂರದಿಂದಲೂ ಗುರುತು ಸಿಗುತ್ತದೆ. ಅರಮನೆಯ ಕಂಬದ ಮೇಲಿರುವಷ್ಟು ಗರಿ ತುಂಬಿದರೆ ಕೋಳಿಯಾಗುತ್ತದೆ.

ಚಿಕ್ಕಪ್ಪನ ಮಗ: ಅಜ್ಜಿಯ ಗಿಳಿಗೂ ರೆಕ್ಕೆಗೆ ಮೂರೇ ಗರಿ.

ಮಂಡ್ಯದ ದೊಡ್ಡಪ್ಪ: ಹಾಗಾದರೆ ನಮ್ಮ ಬ್ಯಾಡ್ಜಿನಲ್ಲೂ ಹೆಸರು ಬೇಡವಾಗಿತ್ತು ಎನ್ನುತ್ತೀಯಾ?

ನಾನು: ಹೌದು, ದೊಡ್ಡಪ್ಪ. ಹೊಲಿದವಳು ನಾನು. ಪಟ್ಟಿ ಕೈಗೆ ಬಂದಾಗ ಒಂದು ಹೆಸರು ಕಡಿಮೆಯಿದೆಯೆಂದು ಗೊತ್ತಾದರೂ ಕೇಳದೆ ಯಂತ್ರಕ್ಕೆ ಹಾಕಿದೆ. ಅತ್ತೆ, ಆ ತಪ್ಪು ನನ್ನದೂ ಹೌದು.

ಸೋದರತ್ತೆ: ನೀನು ಹುಡುಗಿ, ನಿನ್ನ ಮೇಲೆ ನನಗೆ ಕೋಪವಿಲ್ಲ. ಯಾರ ಹೆಸರೂ ಇಲ್ಲದಿರುವುದು ಬೇರೆ, ಹನ್ನೊಂದು ಹಾಕಿ ಹನ್ನೆರಡನೆಯದನ್ನು ಬಿಡುವುದು ಬೇರೆ. ಅದಕ್ಕೆ ಅಣ್ಣನಿಂದ ಇನ್ನೂ ಉತ್ತರ ಬಂದಿಲ್ಲ.

ಮಂಡ್ಯದ ದೊಡ್ಡಪ್ಪ: ಸಂಜೆ ಫೋನ್ ಮಾಡುತ್ತೇನೆ.