ಟ್ಯಾಂಕಿಗೆ ಬಿದ್ದ ಮೆಕ್ಕೆಜೋಳ

ರುದ್ರಣ್ಣ ಹಳೆಯ ಎಂಜಿಬಿ ಕಾರು ಕೊಳ್ಳುವ ಮಾತೆತ್ತಿದ್ದೇ ತಡ, ಮಿರ್ಚಿ ಮಂಡಕ್ಕಿಯ ಸುತ್ತ ಕುಳಿತವರೆಲ್ಲ ಎಂಜಿನ್ ಪಂಡಿತರಾದರು. ಕಾರು ನೋಡಿಲ್ಲ, ದುಡ್ಡು ಹೊಂದಿಲ್ಲ. ಪೆಟ್ರೋಲ್ ಯಾವುದೆಂಬ ಜಗಳ ಮಾತ್ರ ಶುರು. ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿಸುವುದರಲ್ಲಿ ದಾವಣಗೆರೆಯವರನ್ನು ಮೀರಿಸುವವರಿಲ್ಲ.

"1962ರಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿದ ಸ್ಪೋರ್ಟ್ಸ್ ಕಾರು. ನೂರು ಆಕ್ಟೇನಿನದನ್ನೇ ಹಾಕುತ್ತೇನೆ, ಹಾರಬೇಕು."

"ಹಾರುವುದು ನಿನ್ನ ದುಡ್ಡು" ಎಂದರು ಮೆಕ್ಯಾನಿಕ್ ರಹೀಂ ಭಾಯಿ. "ಆಕ್ಟೇನ್ ಎಂದರೆ ಬಲವಲ್ಲ, ಒತ್ತಡಕ್ಕೆ ಸಿಕ್ಕಾಗ ಅಕಾಲದಲ್ಲಿ ಸಿಡಿಯದೆ ಇರುವ ತಾಳ್ಮೆ. ಎಂಜಿನ್ ಕೇಳಿದಷ್ಟು ಕೊಡು. ಕಟಕಟ ಸದ್ದು ಬಂದರೆ ಕಿಡಿ ತುಸು ತಡವಾಗಿ ಹಾರುವಂತೆ ಟೈಮಿಂಗ್ ಹಿಂದಕ್ಕೆ ತಿರುಗಿಸು. ನಿಜವಾದ ತೊಂದರೆ ವಾಲ್ವ್ ಸೀಟಿನದು, ಅಂದರೆ ವಾಲ್ವ್ ಮುಚ್ಚಿದಾಗ ಕೂರುವ ಅಂಚಿನದು. ಆಗಿನ ಪೆಟ್ರೋಲಿನ ಸೀಸ ಅದಕ್ಕೆ ಲೇಪವಾಗುತ್ತಿತ್ತು. ಲೇಪವಿಲ್ಲದೆ ಜೋರಾಗಿ ಓಡಿಸಿದರೆ ಎಕ್ಸಾಸ್ಟ್ ವಾಲ್ವ್ ಮೆತ್ತನೆಯ ಸೀಟನ್ನು ಸವೆಸಿ ಒಳಗಿಳಿಯುತ್ತದೆ. ಗಟ್ಟಿ ಸೀಟು ಕೂರಿಸಿದ್ದಾರೆಯೇ, ಕೇಳಿಕೋ."

ಸೀಸದ ಪೆಟ್ರೋಲ್ ನಮ್ಮ ದೇಶದಲ್ಲಿ 2000ನೇ ಇಸವಿಯಲ್ಲಿ ನಿಂತಿತು. ಮಕ್ಕಳ ಮೆದುಳಿಗೆ ವಿಷವಾಗಿದ್ದ ಆ ವಸ್ತುವಿಗಾಗಿ ಕಣ್ಣೀರು ಹಾಕುವವನು ನಾನಲ್ಲ.

ಅಷ್ಟು ಹೊತ್ತು ಮಂಡಕ್ಕಿ ಮುಕ್ಕುತ್ತಿದ್ದ ಬಸಣ್ಣ ಬಾಯಿ ಬಿಟ್ಟ: "ಈಗ ನೂರಕ್ಕೆ ಇಪ್ಪತ್ತು ಪಾಲು ಎಥನಾಲ್ ಬೆರೆಸುತ್ತಾರಲ್ಲ, ಅದನ್ನು ಮೆಕ್ಕೆಜೋಳದಿಂದಲೂ ತೆಗೆಯುತ್ತಾರೆ. ನಿನ್ನ ವಿಲಾಯಿತಿ ಕಾರು ನನ್ನ ಹೊಲದ್ದನ್ನು ತಿಂದೇ ಓಡಬೇಕು!"

"ಜೀರ್ಣವಾಗಬೇಕಲ್ಲ" ಎಂದ ಭಾಯಿ ಜೇಬಿನಿಂದ ಹಳೆಯ ಪೆಟ್ರೋಲ್ ಪೈಪಿನ ತುಂಡೊಂದನ್ನು ತೆಗೆದರು. ಬಗ್ಗಿಸಿದರೆ ಮೈಯೆಲ್ಲ ಬಿರುಕು ಬಾಯ್ದೆರೆಯಿತು. ಉಗುರಿಗೆ ಕಪ್ಪು ಮಸಿ ಅಂಟಿತು. "ಎಥನಾಲ್ ಹಳೆಯ ರಬ್ಬರಿಗೆ ಶತ್ರು. ಗಾಳಿಯ ತೇವವನ್ನೂ ಹೀರುತ್ತದೆ. ತಿಂಗಳುಗಟ್ಟಲೆ ಶೆಡ್ಡಿನಲ್ಲಿ ನಿಂತ ಗಾಡಿಯ ಟ್ಯಾಂಕಿಗೆ ತುಕ್ಕು ಹಿಡಿಸುತ್ತದೆ. ಲೀಟರಿಗೆ ಸಿಗುವ ಶಕ್ತಿಯೂ ಪೆಟ್ರೋಲಿಗಿಂತ ಮೂರನೇ ಒಂದು ಪಾಲು ಕಡಿಮೆ. ಪೈಪು ಬದಲಿಸು, ಪೆಟ್ರೋಲಿಗೆ ಗಾಳಿ ಬೆರೆಸುವ ಎರಡೂ ಎಸ್‌ಯು ಕಾರ್ಬ್ಯುರೇಟರುಗಳ ಸೂಜಿ ಬದಲಿಸಿ ಇಂಧನ ತುಸು ಹೆಚ್ಚು ಹರಿಯುವಂತೆ ಮಾಡು."

"ಎಥನಾಲ್ ಬೆರೆಸದ ಪೆಟ್ರೋಲನ್ನೇ ಹುಡುಕಿದರೆ?" ರುದ್ರಣ್ಣ ಮೆಲ್ಲಗೆ ಕೇಳಿದ.

ಬಸಣ್ಣ ಕೆರಳಿದ. "ಹುಡುಕು ನೋಡೋಣ! ಕ್ವಿಂಟಾಲಿಗೆ ನಾಲ್ಕು ಕಾಸು ಹೆಚ್ಚು ಸಿಗುವ ಹೊತ್ತಿಗೆ ಅಡ್ಡಗಾಲು ಹಾಕುತ್ತೀಯಾ?"

"ಸರಿಯಪ್ಪ, ನಿನ್ನ ಜೋಳವನ್ನೇ ಕುಡಿಸುತ್ತೇನೆ. ಪೈಪು, ಸೂಜಿಯ ಖರ್ಚನ್ನು ನೀನು ಕೊಡಬೇಕಾದ ಕೈಸಾಲಕ್ಕೆ ಸೇರಿಸಿ ಬರೆದುಕೊಳ್ಳುತ್ತೇನೆ."